ಹೆರ್ ಟ್ರೋಗರ್ ಅವರ ಕಾಲು

ರೋಬೋಟಿನ ಮೇಲೆ ಯಾರೋ ಮತ್ತೆ ಗೌನು ನೇತುಹಾಕಿದ್ದರು.

ಸೋಮವಾರ ಮಧ್ಯಾಹ್ನ ಒಂದೂವರೆಯ ಶಿಫ್ಟಿಗೆ ಬಂದ ಸಿಸ್ಟರ್ ರಿಕೆ ಸ್ಟಾಡ್ಲರ್ ಐಸಿಯು ಕಾರಿಡಾರಿನಲ್ಲಿ ನಿಂತು ಒಂದೊಂದನ್ನೇ ಕಿತ್ತು ತೋಳಿನ ಮೇಲೆ ಹಾಕಿಕೊಂಡಳು. ಹಳದಿ ಗೌನು ಆರು. ಯಾರದೋ ಉಣ್ಣೆಯ ಜಾಕೆಟ್ಟು ಒಂದು. ಯಂತ್ರದ ಎಡಗೈಯ ಸಂದಿಯಲ್ಲಿ ಕಾಗದ ಸುತ್ತಿದ್ದ, ಅರ್ಧ ತಿಂದ ಬ್ರೆಟ್ಸೆಲ್ ರೊಟ್ಟಿ.

"ಇದು ಯಾರದು?"

"ಅದಕ್ಕೂ ಹಸಿವಾಗುತ್ತೆ ಪಾಪ," ಎಂದಳು ಬ್ಲಾಜೆಂಕಾ, ಔಷಧಿ ಟ್ರಾಲಿಯಿಂದ ತಲೆ ಎತ್ತದೆ. "ಹನ್ನೊಂದು ವಾರದಿಂದ ನಿಂತೇ ಇದೆ. ಕೂತ್ಕೊಳ್ಳೋಕೆ ಒಂದು ಕುರ್ಚಿನಾದ್ರೂ ಕೊಡೆ."

ಬ್ಲಾಜೆಂಕಾ ಕ್ರೊಯೇಷಿಯಾದಿಂದ ಜರ್ಮನಿಯ ಬವೇರಿಯಾದ ಈ ಹೋಲ್ಸ್‌ಬರ್ಗ್ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅವಳ ಹತ್ತಿರ ವಾದ ಮಾಡಿ ಗೆದ್ದವರನ್ನು ವಾರ್ಡಿನಲ್ಲಿ ಯಾರೂ ನೋಡಿರಲಿಲ್ಲ. ರಿಕೆ ಬ್ರೆಟ್ಸೆಲನ್ನು ಕಸದ ಡಬ್ಬಿಗೆ ಹಾಕಿದಳು, ಸ್ವಲ್ಪ ಜೋರಾಗಿಯೇ.

ಅವಳಿಗೆ ಸಿಟ್ಟು ಬರುವುದಕ್ಕೆ ಕಾರಣವಿತ್ತು. ಈ ಯಂತ್ರ ಬೇಕು ಅಂತ ಆರು ಪುಟದ ಅರ್ಜಿ ಬರೆದವಳೇ ಅವಳು. ಹಾಸಿಗೆ ಹಿಡಿದ ರೋಗಿಯನ್ನು ಹಾಸಿಗೆಯ ಸಮೇತ ನಿಧಾನವಾಗಿ ಎತ್ತಿ ನೇರಕ್ಕೆ ತಂದು, ಎರಡೂ ಕಾಲು ಹಿಡಿದು ಮೆಲ್ಲಗೆ ನಡೆಸುತ್ತಿತ್ತು ಅದು. ಇಪ್ಪತ್ತೇಳು ವರ್ಷ ರಿಕೆ ಇದೇ ಕೆಲಸವನ್ನು ತನ್ನ ಸೊಂಟದಿಂದ ಮಾಡಿದ್ದಳು. ಈಗ ವಯಸ್ಸು ನಲವತ್ತೊಂಬತ್ತು, ಬೆನ್ನುಮೂಳೆಯ ಎರಡು ಡಿಸ್ಕ್ ಜಾಗ ಬಿಟ್ಟಿದ್ದವು. ಯಂತ್ರ ಬಂದ ದಿನ ಅವಳು ಅದನ್ನು ನೋಡಿದ ರೀತಿಗೆ ಬ್ಲಾಜೆಂಕಾ, "ನಿನ್ನ ಮದುವೇಲೂ ನೀನು ಹೀಗೆ ನಗಲಿಲ್ಲ" ಅಂದಿದ್ದಳು.

ಅಡ್ಡ ಬಂದದ್ದು ಪುಸ್ತಕ. ವಾರ್ಡಿನ ಪ್ರತಿಯೊಂದು ಉಪಕರಣಕ್ಕೂ ಒಂದು ಪುಸ್ತಕವಿರುತ್ತದೆ. ತರಬೇತಿ ಪಡೆದು ಅದರಲ್ಲಿ ಸಹಿ ಹಾಕದವರು ಆ ಉಪಕರಣದ ಗುಂಡಿ ಒತ್ತುವಂತಿಲ್ಲ. ರೋಬೋಟಿನ ಕಂಪನಿಯಿಂದ ತರಬೇತಿ ಕೊಡುವವರು ಒಂದೇ ಒಂದು ದಿನ, ಎರಡೇ ಗಂಟೆ ಬಂದಿದ್ದರು. ಅವತ್ತು ವಾರ್ಡಿನಲ್ಲಿ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ಮೂವತ್ತನಾಲ್ಕು ಜನರಲ್ಲಿ ಐದು ಜನಕ್ಕೆ ಮಾತ್ರ ಹೋಗಲು ಪುರುಸೊತ್ತಾಯಿತು. ಆ ಐವರಲ್ಲಿ ಒಬ್ಬ ಹೆಚ್ಚು ಸಂಬಳಕ್ಕೆ ಸ್ವಿಟ್ಜರ್ಲೆಂಡಿಗೆ ಹೋದ. ಒಬ್ಬಳು ಹೆರಿಗೆ ರಜೆಯಲ್ಲಿದ್ದಳು. ಉಳಿದವರು ಮೂರು ಜನ: ರಿಕೆ, ಫಿಸಿಯೋಥೆರಪಿಸ್ಟ್ ಕೊರ್ಬಿನಿಯಾನ್, ಮತ್ತು ವಾರ್ಡಿನ ಮುಖ್ಯಸ್ಥ ಹೆರ್ ಟ್ರೋಗರ್. ಯಂತ್ರ ಓಡಿಸುವಾಗ ಸಹಿ ಹಾಕಿದವರು ಇಬ್ಬರು ಪಕ್ಕದಲ್ಲಿರಲೇಬೇಕು ಅಂತ ನಿಯಮ. ಮುಂದಿನ ತರಬೇತಿ ಅಕ್ಟೋಬರಿನಲ್ಲಿ. ಈಗ ಮೇ ತಿಂಗಳು.

ಕೆಲಸಕ್ಕೆ ಜನ ಸಾಲುವುದಿಲ್ಲ ಅಂತ ತಂದ ಯಂತ್ರಕ್ಕೆ ಜನ ಸಾಲುತ್ತಿರಲಿಲ್ಲ.

ರಿಕೆ ಗೌನುಗಳನ್ನು ಮೊಳೆಗೆ ಹಾಕಿ ನೇರ ಹೆರ್ ಟ್ರೋಗರ್ ಕೋಣೆಗೆ ಹೋದಳು. ಟ್ರೋಗರ್ ಉದ್ದನೆಯ ಮನುಷ್ಯ, ಎಲ್ಲರನ್ನೂ ಹೆರ್, ಫ್ರಾವ್ ಎಂದು ಮರ್ಯಾದೆಯಿಂದಲೇ ಕರೆಯುವವರು. ಕೂತರೆ ಮೊಣಕಾಲು ಮೇಜಿಗೆ ತಗಲುತ್ತಿತ್ತು. ಗೋಡೆಯ ಮೇಲೆ ರೋಬೋಟಿನ ಪಕ್ಕ ಅವರು ಕತ್ತರಿ ಹಿಡಿದು ನಿಂತ ಫೋಟೋ ಇತ್ತು, ಊರಿನ ಪತ್ರಿಕೆಯಲ್ಲಿ ಬಂದದ್ದು.

"ನಾಲ್ಕನೇ ರೂಮಿನ ಹಾಸ್ಲಿಂಗರ್‌ಗೆ ರೋಬೋಟ್ ಬೇಕು," ಎಂದಳು. "ಇವತ್ತು, ನಾಳೆ, ನಾಡಿದ್ದು. ಗುರುವಾರ ಎರಡೂವರೆಗೆ ರಿಹ್ಯಾಬ್ ಡಾಕ್ಟರ್ ಬಂದು ನೋಡ್ತಾರೆ. ಡಾಕ್ಟರ್ ಅನುಮತಿ ಫೈಲಲ್ಲಿ ಹಾಕ್ಸಿದೀನಿ."

"ಒಳ್ಳೇದು, ಫ್ರಾವ್ ಸ್ಟಾಡ್ಲರ್. ಬಳಕೆ ಹೆಚ್ಚಾಗ್ಲಿ ಅಂತಾನೇ ನಾನೂ ಹೇಳ್ತಿರೋದು. ಮೇಲಿನವರು ತಿಂಗಳ ಅಂಕಿ ಕೇಳ್ತಿದಾರೆ."

"ಇಬ್ಬರು ಬೇಕಲ್ಲ. ಕೊರ್ಬಿನಿಯಾನ್ ಮೂರೂವರೆಗೆ ಮನೆಗೆ ಹೋಗ್ತಾನೆ. ಆಮೇಲೆ ನೀವು ಬಂದು ನಿಂತ್ಕೊಂಡ್ರೆ..."

"ನಾನು ಆಡಳಿತ," ಎಂದರು ಟ್ರೋಗರ್, ಅದೊಂದು ಕಾಯಿಲೆ ಎಂಬಂತೆ ದುಃಖದಿಂದ. "ನನ್ನನ್ನ ರೋಗಿ ನೋಡ್ಕೊಳ್ಳೋರ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಸಹಿ ಹಾಕಿದೀರಲ್ಲ."

"ಮಾದರಿ ಆಗಿರ್ಲಿ ಅಂತ ಹಾಕಿದ್ದು."

ಹಾಗಾಗಿ ಉಳಿದದ್ದು ಒಂದೂವರೆ ಗಂಟೆ. ಎರಡಕ್ಕೆ ಹಿಂದಿನ ಶಿಫ್ಟಿನವರು ವರದಿ ಒಪ್ಪಿಸಿ ಮುಗಿಸುತ್ತಾರೆ, ಮೂರೂವರೆಗೆ ಕೊರ್ಬಿನಿಯಾನ್ ಹೋಗುತ್ತಾನೆ. ನಡುವೆ ಏನಾಗುತ್ತದೋ ಅಷ್ಟು.

ಓಟ್ಮಾರ್ ಹಾಸ್ಲಿಂಗರ್ ಬಸ್ ಡ್ರೈವರ್. ಅರವತ್ತಮೂರು ವಯಸ್ಸು, ನೂರಾ ಒಂಬತ್ತು ಕಿಲೊ. ಮೂವತ್ತೊಂದು ವರ್ಷ ಏಳನೇ ನಂಬರ್ ಬಸ್ಸನ್ನು ರೈಲ್ವೆ ನಿಲ್ದಾಣದಿಂದ ಈಜುಕೊಳದವರೆಗೆ ಓಡಿಸಿದವರು. ಈ ಆಸ್ಪತ್ರೆಯೂ ಅದೇ ದಾರಿಯಲ್ಲಿತ್ತು, ಒಂಬತ್ತನೇ ಸ್ಟಾಪು. ನ್ಯುಮೋನಿಯಾ ಆಗಿ ಐದು ವಾರ ವೆಂಟಿಲೇಟರಿನಲ್ಲಿ ಮಲಗಿ ಎದ್ದಾಗ ತಲೆ ಸರಿಯಾಗಿಯೇ ಇತ್ತು, ಕಾಲು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಗಂಟಲಿನಲ್ಲಿ ನಳಿಕೆಯಿತ್ತು. ಅದಕ್ಕೆ ಮಾತಾಡುವ ಮುಚ್ಚಳ ಹಾಕಿದಾಗ ಮಾತ್ರ ಒಡಕು ದನಿಯಲ್ಲಿ ನಾಲ್ಕು ಮಾತು ಬರುತ್ತಿತ್ತು.

ರೋಗಿಗಳನ್ನು ಮತ್ತೆ ಓಡಾಡುವಂತೆ ಮಾಡುವ ರಿಹ್ಯಾಬ್ ಆಸ್ಪತ್ರೆ ಹನ್ನೆರಡು ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿ ಒಂದು ಹಾಸಿಗೆ ಖಾಲಿಯಾಗಲಿತ್ತು. ಅವರು ಕಳಿಸಿದ ಪತ್ರದಲ್ಲಿ ಒಂದೇ ಷರತ್ತು: ರೋಗಿ ಹಾಸಿಗೆಯ ಅಂಚಿನಲ್ಲಿ, ಒಬ್ಬರು ಬೆನ್ನಿಗೆ ಕೈ ಕೊಟ್ಟರೆ ಸಾಕು ಎನ್ನುವಂತೆ, ಹದಿನೈದು ನಿಮಿಷ ಕಾಲು ಇಳಿಬಿಟ್ಟು ಕೂರಬೇಕು. ಕೂರಲಾಗದವರು ತೊಂಬತ್ತು ಕಿಲೋಮೀಟರ್ ಆಚೆ, ವೆಂಟಿಲೇಟರಿನ ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಆರೈಕೆ ಮನೆಗೆ ಹೋಗುತ್ತಾರೆ. ರಿಕೆ ಅಲ್ಲಿಗೆ ಎಷ್ಟೋ ಜನರನ್ನು ಕಳಿಸಿದ್ದಳು. ರಿಹ್ಯಾಬಿಗೆ ಹೋದವರಲ್ಲಿ ಕೆಲವರು ನಾಲ್ಕೈದು ತಿಂಗಳ ಮೇಲೆ ಕೋಲು ಊರಿಕೊಂಡು, ಚಾಕಲೇಟ್ ಡಬ್ಬಿ ಹಿಡಿದು ವಾರ್ಡಿಗೆ ಬರುತ್ತಿದ್ದರು. ಆ ಮನೆಗೆ ಹೋದವರು ಯಾರೂ ಬಂದದ್ದಿಲ್ಲ.

"ಅಷ್ಟು ದೂರ ನಾನು ಹೆಂಗೆ ಹೋಗ್ಲಿ, ಸಿಸ್ಟರ್?" ಎಂದಿದ್ದರು ಅವರ ಹೆಂಡತಿ. "ನಂಗೆ ಲೈಸೆನ್ಸೇ ಇಲ್ಲ. ಊರಿಗೆಲ್ಲ ಬಸ್ ಓಡ್ಸೋನ ಕಟ್ಕೊಂಡ್ ಮೇಲೆ ಲೈಸೆನ್ಸ್ ಯಾಕೆ ಬೇಕಿತ್ತು?"

ಫ್ರಾವ್ ಹಾಸ್ಲಿಂಗರ್ ದಿನಾ ಎರಡು ಗಂಟೆಯ ಬಸ್ಸಿಗೆ ಬರುತ್ತಿದ್ದರು. ಗಂಡನ ಡ್ಯೂಟಿ ಶೂಗಳನ್ನು ಪಾಲಿಶ್ ಮಾಡಿ ತಂದು ಹಾಸಿಗೆಯ ಕೆಳಗೆ ಜೋಡಿಸಿಟ್ಟಿದ್ದರು. ರೋಬೋಟಿನ ಕೈಪಿಡಿಯಲ್ಲಿ ಶೂ ನಿಷಿದ್ಧ ಎಂದಿತ್ತು. ಶೂ ಅಲ್ಲೇ ಕಾಯುತ್ತಿತ್ತು.

ಸೋಮವಾರ ಯಂತ್ರವನ್ನು ಹಾಸಿಗೆಗೆ ಜೋಡಿಸುವುದಕ್ಕೇ ಐವತ್ತು ನಿಮಿಷ ಹೋಯಿತು. ತೊಡೆಯ ಅಳತೆ, ಮೀನಖಂಡದ ಅಳತೆ, ಎದೆಯ ಪಟ್ಟಿ, ಸೊಂಟದ ಪಟ್ಟಿ. ಎಲ್ಲ ಆದ ಮೇಲೆ ಪರದೆಯ ಮೇಲೆ ಕೆಂಪು ತ್ರಿಕೋನ.

"ಏನಂತೆ?" ರಿಕೆ ಕೇಳಿದಳು.

"ಎಡ ಮೊಣಕಾಲಿನ ಪಟ್ಟಿ ಸಡಿಲ ಅಂತೆ," ಎಂದ ಕೊರ್ಬಿನಿಯಾನ್. ಮೆತ್ತಗಿನ ಹುಡುಗ, ಮೂವತ್ತರ ಆಸುಪಾಸು. ಯಾರಿಗೂ ಇಲ್ಲ ಎನ್ನಲು ಬಾರದವನು.

"ಬಿಗಿ ಮಾಡು."

"ಮಾಡ್ದೆ. ಈಗ ಬಿಗಿ ಜಾಸ್ತಿ ಅಂತೆ."

ಕೊನೆಗೆ ಹಾಸಿಗೆ ನಲವತ್ತು ಡಿಗ್ರಿ ಎದ್ದಿತು, ನಾಲ್ಕು ನಿಮಿಷ ಕಾಲು ನಡೆಯಿತು, ಅಷ್ಟರಲ್ಲಿ ಮೂರೂವರೆ. ಪಕ್ಕದ ಹಾಸಿಗೆಯ ರೋಗಿಯನ್ನು ಮಗ್ಗುಲು ಬದಲಿಸುತ್ತಿದ್ದ ಬ್ಲಾಜೆಂಕಾ ಗಡಿಯಾರ ನೋಡಿದಳು.

"ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾಲ್ಕು ನಿಮಿಷ. ಅಷ್ಟೊತ್ತಿಗೆ ನಾನು ಅವ್ರನ್ನ ಹೊತ್ಕೊಂಡೇ ಈಜುಕೊಳಕ್ಕೆ ಹೋಗಿ ಬರ್ತಿದ್ದೆ."

"ನೀನು ಸಹಿ ಹಾಕಿದ್ರೆ ನಾವಿಬ್ಬರೇ ಒಂಬತ್ತು ಗಂಟೆವರೆಗೂ ಮಾಡಬಹುದಿತ್ತು," ಎಂದಳು ರಿಕೆ.

"ತರಬೇತಿ ದಿನ ನಿನ್ನ ಐದು ರೋಗಿಗಳನ್ನ ಯಾರು ನೋಡ್ಕೊಂಡ್ರು? ನೆನಪಿದ್ಯಾ?"

ನೆನಪಿತ್ತು. ರಿಕೆ ಪಟ್ಟಿಗಳನ್ನು ಬಿಚ್ಚತೊಡಗಿದಳು. ಎಲ್ಲಕ್ಕಿಂತ ಮೈ ಉರಿಸುತ್ತಿದ್ದದ್ದು ಅದೇ. ಯಾರ ಮೇಲೆ ರೇಗಲು ಹೋದರೂ ಅವರ ಮಾತಿನಲ್ಲೂ ಅರ್ಧ ನಿಜ ಇರುತ್ತಿತ್ತು.

ಮಂಗಳವಾರ ಚೆನ್ನಾಗಿ ಹೋಯಿತು. ಅಳತೆಗಳು ಯಂತ್ರದೊಳಗಿನ ಹಾಸ್ಲಿಂಗರ್ ಫೈಲಿನಲ್ಲಿ ಸೇರಿದ್ದರಿಂದ ಇಪ್ಪತ್ತೈದು ನಿಮಿಷಕ್ಕೇ ಯಂತ್ರ ಸಿದ್ಧವಾಯಿತು. ಹಾಸಿಗೆ ಐವತ್ತು ಡಿಗ್ರಿ ಎದ್ದಿತು. ಆ ದಪ್ಪ ದೇಹ ಐದು ವಾರದಲ್ಲಿ ಮೊದಲ ಸಲ ಕಿಟಕಿಯ ಆಚೆ ನೋಡಿತು. ಎಡಗಾಲು, ಬಲಗಾಲು, ಎಡಗಾಲು. ಯಂತ್ರ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹಾಸ್ಲಿಂಗರ್ ಮುಖ ಕೆಂಪಾಯಿತು, ಆಮೇಲೆ ತುಟಿ ಅಲುಗಿತು. ರಿಕೆ ಮುಚ್ಚಳ ಸರಿಮಾಡಿದಳು.

"ಮೀನು ಮಾರ್ಕೆಟ್," ಎಂದರು ಅವರು.

"ಏನು?"

"ಸ್ಟಾಪುಗಳು," ಎಂದರು ಫ್ರಾವ್ ಹಾಸ್ಲಿಂಗರ್, ಕರವಸ್ತ್ರ ಬಾಯಿಗೆ ಒತ್ತಿಕೊಂಡು. "ಏಳನೇ ನಂಬರ್ ಸ್ಟಾಪುಗಳು ಹೇಳ್ತಿದಾರೆ. ನಿಮಿಷಕ್ಕೊಂದು."

ಇಡೀ ದಾರಿಗೆ ಹದಿನೈದು ಸ್ಟಾಪು, ಹದಿನೈದು ನಿಮಿಷ. ಹಳೇ ಸೇತುವೆ, ಸಕ್ಕರೆ ಕಾರ್ಖಾನೆ, ಪ್ರಾಥಮಿಕ ಶಾಲೆ. ಒಂಬತ್ತನೆಯದಕ್ಕೆ "ಆಸ್ಪತ್ರೆ, ಇಲ್ಲಿ ಇಳಿಯೋರು ಹುಷಾರು" ಎಂದರು. ರಿಕೆಗೆ ನಗು ತಡೆಯಲಾಗಲಿಲ್ಲ. ಅರವತ್ತು ಡಿಗ್ರಿಗೆ ಏರಿಸಿ ನೋಡೋಣ ಎಂದಳು. ಏರಿಸಿ ಅರ್ಧ ನಿಮಿಷಕ್ಕೆ ಮಾನಿಟರಿನಲ್ಲಿ ಬಿಪಿ ದಡದಡ ಇಳಿಯಿತು, ಕಿವಿಯ ಹಾಲೆ ಬೂದಿಯ ಬಣ್ಣಕ್ಕೆ ತಿರುಗಿತು. ತಕ್ಷಣ ಇಳಿಸಿದರು. ಒಟ್ಟು ಹನ್ನೆರಡು ನಿಮಿಷ. ಮೇಲಿನ ಮಿತಿ ಗೊತ್ತಾಗಿತ್ತು. ಬುಧವಾರ ಐವತ್ತಕ್ಕೇ ಇಟ್ಟು ಇಪ್ಪತ್ತು ನಿಮಿಷ ಮಾಡಿಸಿಬಿಟ್ಟರೆ ಗುರುವಾರ ಅಂಚಿನಲ್ಲಿ ಹದಿನೈದು ನಿಮಿಷ ಕೂರುವುದು ಆಗದ ಮಾತೇನಲ್ಲ. ಅವತ್ತು ಮನೆಗೆ ಹೋಗುವಾಗ ರಿಕೆ ಯಂತ್ರದ ಮೈ ಒರೆಸಿ, ಅದರ ಮೇಲೊಂದು ಚೀಟಿ ಅಂಟಿಸಿದಳು: ಇದು ಗೌನಿನ ಗೂಟವಲ್ಲ.

ಬುಧವಾರ ಎರಡಕ್ಕೆ ಬಂದು ನೋಡಿದರೆ ಚೀಟಿ ನೆಲದ ಮೇಲಿತ್ತು. ಯಂತ್ರ ಇರಲಿಲ್ಲ.

"ಎಲ್ಲಿ?" ಎಂದಳು.

"ಕೆಳಗೆ ಸಭಾಂಗಣಕ್ಕೆ ತಗೊಂಡು ಹೋದ್ರು," ಎಂದಳು ಬ್ಲಾಜೆಂಕಾ. ಅವಳ ದನಿಯಲ್ಲಿ ಇವತ್ತು ತಮಾಷೆ ಇರಲಿಲ್ಲ. "ಜಿಲ್ಲಾ ಕೌನ್ಸಿಲಿನವರು ನೋಡೋಕೆ ಬಂದಿದಾರಂತೆ. ಕೊರ್ಬಿನಿಯಾನ್‌ನೂ ಕರ್ಕೊಂಡು ಹೋದ್ರು."

ರಿಕೆ ಫೋನ್ ಮಾಡಿದಳು. ಟ್ರೋಗರ್ ಪಿಸುದನಿಯಲ್ಲಿ ಮಾತಾಡಿದರು. ಹಿಂದೆ ಕಾಫಿ ಕಪ್ಪುಗಳ ಸದ್ದು.

"ಒಂದೇ ಗಂಟೆ, ಫ್ರಾವ್ ಸ್ಟಾಡ್ಲರ್."

"ನಂಗಿರೋದೇ ಒಂದು ಗಂಟೆ. ನನ್ನ ರೋಗಿ ಕಾಯ್ತಿದಾರೆ."

"ಇವರು ಒಪ್ಪಿದ್ರೆ ಇನ್ನೂ ಎರಡು ಯಂತ್ರ ಬರುತ್ತೆ. ದೊಡ್ಡದಾಗಿ ಯೋಚ್ನೆ ಮಾಡಿ."

"ಇರೋ ಒಂದನ್ನ ಕೊಡಿ ಸಾಕು."

ಫೋನ್ ಕಟ್ಟಾಗಿತ್ತು. ಹಾಸ್ಲಿಂಗರ್ ಮುಖ ತೊಳೆಸಿಕೊಂಡು, ಎದೆಯ ಪಟ್ಟಿಗೆ ಅಡ್ಡ ಬರಬಾರದೆಂದು ಅಂಗಿಯ ಗುಂಡಿ ಪಕ್ಕಕ್ಕೆ ಹಾಕಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಹೆಂಡತಿ, ಕೈಚೀಲ ತೊಡೆಯ ಮೇಲೆ. ಎರಡೂಕಾಲು, ಎರಡೂವರೆ, ಮೂರು. ಮೂರೂ ಇಪ್ಪತ್ತಕ್ಕೆ ಕೊರ್ಬಿನಿಯಾನ್ ಯಂತ್ರ ತಳ್ಳಿಕೊಂಡು ಬಂದ. ಉಳಿದದ್ದು ಹತ್ತು ನಿಮಿಷ. ಅವನು ರಿಕೆಯ ಮುಖ ನೋಡಲಿಲ್ಲ.

"ಬಸ್ ತಪ್ಪಿತು," ಎಂದರು ಹಾಸ್ಲಿಂಗರ್.

ರಿಕೆ ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ದಿಂಬನ್ನು ನಾಲ್ಕು ಸಲ ಗುದ್ದಿದಳು. ಐದನೆಯದಕ್ಕೆ ಸೊಂಟ ಹಿಡಿಯಿತು.

ಗುರುವಾರ ಎರಡೂವರೆಗೆ ಸರಿಯಾಗಿ ರಿಹ್ಯಾಬಿನ ಡಾಕ್ಟರ್ ಬೆರ್ಗಾವರ್ ಬಂದರು. ಕುಳ್ಳಗಿನ ಹೆಂಗಸು, ಬಿಳಿ ಕೂದಲು, ಕೈಯಲ್ಲಿ ಫೈಲು. ನಾಲ್ಕನೇ ರೂಮಿನಲ್ಲಿ ರಿಕೆ, ಕೊರ್ಬಿನಿಯಾನ್, ಫ್ರಾವ್ ಹಾಸ್ಲಿಂಗರ್, ಬಾಗಿಲಲ್ಲಿ ಟ್ರೋಗರ್. ಡಾಕ್ಟರ್ ರೋಬೋಟಿನ ವರದಿಯ ಮುದ್ರಿತ ಹಾಳೆ ತಿರುವಿದರು. ಹುಬ್ಬು ಮೇಲೇರಿತು.

"ಭೇಷ್, ಹೆರ್ ಹಾಸ್ಲಿಂಗರ್. ಸೋಮವಾರ ನಾಲ್ಕು ನಿಮಿಷ. ಮಂಗಳವಾರ ಹನ್ನೆರಡು. ನಿನ್ನೆ ನಲವತ್ತೆರಡು ನಿಮಿಷ, ಎಪ್ಪತ್ತು ಡಿಗ್ರಿ, ಬಿಪಿ ಒಂದಿಷ್ಟೂ ಅಲುಗಿಲ್ಲ. ಸಾವಿರದ ಇನ್ನೂರು ಹೆಜ್ಜೆ. ಸ್ವಂತ ಶಕ್ತಿ ನೂರಕ್ಕೆ ಎಂಬತ್ತು ಭಾಗ. ಇಂಥಾದ್ದು ನಾನು ನೋಡೇ ಇಲ್ಲ."

ಕೊರ್ಬಿನಿಯಾನ್ ತನ್ನ ಶೂ ನೋಡಿಕೊಂಡ. ಅವನ ಕುತ್ತಿಗೆ ಕೆಂಪಾಗುತ್ತ ಕಿವಿಯವರೆಗೆ ಹೋಯಿತು.

ಅದನ್ನು ನೋಡಿದ್ದೇ ರಿಕೆಗೆ ಹೊಳೆಯಿತು. ಡಾಕ್ಟರ ಅನುಮತಿ ಇರುವ ಫೈಲು ತೆರೆಯದೆ ಯಂತ್ರ ಶುರುವಾಗುವುದಿಲ್ಲ. ಹೊಸ ಫೈಲು ತೆರೆಯಲು ಡಾಕ್ಟರ ಸಹಿ ಬೇಕು, ಅರ್ಧ ಗಂಟೆ ಬೇಕು. ಕೆಳಗೆ ಅತಿಥಿಗಳು ಕಾಯುತ್ತಿದ್ದರು. ತೆರೆದಿದ್ದ ಫೈಲು ಒಂದೇ. ಇದರಲ್ಲೇ ಒತ್ತು ಎಂದಿರುತ್ತಾರೆ. ಇವನು ಒತ್ತಿರುತ್ತಾನೆ. ಮತ್ತೆ ನಿಯಮದ ಪ್ರಕಾರ ಇರಬೇಕಾದ ಎರಡನೇ ಸಹಿಯ ಮನುಷ್ಯ ಎಲ್ಲಿದ್ದ? ಯಂತ್ರದೊಳಗೇ ಮಲಗಿದ್ದ.

ಅವಳು ಬಾಗಿಲ ಕಡೆ ನೋಡಿದಳು. ಟ್ರೋಗರ್ ಉದ್ದನೆಯ ಎರಡೂ ಕಾಲು ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದರು.

"ಹಾಗಾದ್ರೆ ಅಂಚಲ್ಲಿ ಕೂರ್ಸಿ ನೋಡೋ ಅಗತ್ಯಾನೂ ಇಲ್ಲ," ಎನ್ನುತ್ತ ಡಾಕ್ಟರ್ ಬೆರ್ಗಾವರ್ ಪೆನ್ನಿನ ಮುಚ್ಚಳ ತೆಗೆದರು. "ನಾಳೆಯಿಂದ ಇದೇ ಮಟ್ಟದಿಂದ ಶುರು ಮಾಡ್ತೀವಿ. ಎಪ್ಪತ್ತು ಡಿಗ್ರಿ, ದಿನಕ್ಕೆರಡು ಸಲ."

ರಿಕೆಯ ಮೊಣಕೈಯನ್ನು ಯಾರೋ ಹಿಡಿದುಕೊಂಡರು. ಫ್ರಾವ್ ಹಾಸ್ಲಿಂಗರ್. ಅವರು ರಿಕೆಯ ಕಡೆ ತಿರುಗದೆ ಒಮ್ಮೆ ಗಟ್ಟಿಯಾಗಿ ಒತ್ತಿದರು. ನಿನ್ನೆ ಎರಡರಿಂದ ಮೂರೂ ಇಪ್ಪತ್ತರವರೆಗೆ ಅವರೂ ಇದೇ ರೂಮಿನಲ್ಲಿ ಕೂತಿದ್ದವರು.

ಪೆನ್ನು ಕಾಗದ ಮುಟ್ಟಿತ್ತು. ಒಂದು ಸಹಿ, ಆಮೇಲೆ ಹನ್ನೆರಡೇ ಕಿಲೋಮೀಟರ್. ಸುಮ್ಮನಿದ್ದರೆ ಸಾಕು. ಮೂರು ದಿನದಿಂದ ಎಲ್ಲರ ಕೈಕಾಲು ಹಿಡಿದರೂ ಸಿಗದಿದ್ದದ್ದು ಟ್ರೋಗರ್ ಅವರ ಕಾಲಿನಿಂದ ಪುಕ್ಕಟೆ ಸಿಗುತ್ತಿತ್ತು. ರಿಕೆ ಸುಮ್ಮನಿರಬೇಕೆಂದೇ ಇದ್ದಳು. ಆದರೆ ಮಂಗಳವಾರದ ಕಿವಿಯ ಹಾಲೆ ಕಣ್ಣಿಗೆ ಬಂತು. ಅರವತ್ತಕ್ಕೆ ಅರ್ಧ ನಿಮಿಷ, ಬೂದಿ ಬಣ್ಣ. ನಾಳೆ ಅಲ್ಲಿನವರು, ಇವರನ್ನು ಗೊತ್ತಿಲ್ಲದವರು, ಈ ಹಾಳೆ ನಂಬಿಕೊಂಡು ಎಪ್ಪತ್ತಕ್ಕೆ ನಿಲ್ಲಿಸುತ್ತಾರೆ.

"ಅದು ಇವರ ಕಾಲಲ್ಲ," ಎಂದಳು.

"ಏನಂದ್ರಿ?"

"ನಿನ್ನೆಯದು. ಅದು ಹೆರ್ ಟ್ರೋಗರ್ ಕಾಲು. ಇವರು ನಿನ್ನೆ ಹಾಸಿಗೆ ಬಿಟ್ಟು ಕದಲಿಲ್ಲ. ಅರವತ್ತು ಡಿಗ್ರಿಗೇ ಬಿಪಿ ಇಳಿಯುತ್ತೆ."

ಮೊಣಕೈ ಮೇಲಿನ ಕೈ ಬಿಟ್ಟುಹೋಯಿತು.

"ಅದು ಪ್ರದರ್ಶನದ ಒಂದು ತಾಂತ್ರಿಕ..." ಎಂದು ಟ್ರೋಗರ್ ಶುರು ಮಾಡಿದರು.

"ನಿಮ್ಮ ಬಿಪಿ ಬಹಳ ಚೆನ್ನಾಗಿದೆ, ಹೆರ್ ಟ್ರೋಗರ್," ಎಂದರು ಡಾಕ್ಟರ್, ಪೆನ್ನಿಗೆ ಮುಚ್ಚಳ ಹಾಕುತ್ತ. "ನಿಮಗೆ ರಿಹ್ಯಾಬ್ ಬೇಕಿಲ್ಲ. ಸಿಸ್ಟರ್, ಕೂರ್ಸಿ. ನೋಡೋಣ."

ಬ್ಲಾಜೆಂಕಾಳನ್ನು ಕರೆದರು. ಅವಳು ತೋಳು ಮಡಚಿಕೊಂಡು ಬಂದಳು. ಒಬ್ಬರು ಭುಜ, ಒಬ್ಬರು ಸೊಂಟ, ಕೊರ್ಬಿನಿಯಾನ್ ಕಾಲು. ಕೈಪಿಡಿಯ ಕಾಟ ಇಲ್ಲದ್ದರಿಂದ ಫ್ರಾವ್ ಹಾಸ್ಲಿಂಗರ್ ಮೊಣಕಾಲೂರಿ ಗಂಡನಿಗೆ ಆ ಕಪ್ಪು ಶೂ ಹಾಕಿ ಲೇಸು ಕಟ್ಟಿದರು. ರಿಕೆ ಅಂಗೈಯನ್ನು ಹಾಸ್ಲಿಂಗರ್ ಬೆನ್ನಿಗೆ ಕೊಟ್ಟು ಉಳಿದವರಿಗೆ ಬಿಡಲು ಹೇಳಿದಳು. ಡಾಕ್ಟರ್ ಗಡಿಯಾರ ನೋಡಿದರು.

"ರೈಲ್ವೆ ನಿಲ್ದಾಣ," ಎಂದರು ಹಾಸ್ಲಿಂಗರ್.

ಐದನೇ ಸ್ಟಾಪಿಗೆ ಬೆವರು. ಎಂಟಕ್ಕೆ ತಲೆ ಎದೆಗೆ ಬಾಗಿತು, ಮತ್ತೆ ಎದ್ದಿತು. ಬೆನ್ನಿನ ನಡುಕ ರಿಕೆಯ ಅಂಗೈಗೆ ಬರುತ್ತಿತ್ತು. ನಿನ್ನೆಯ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಎಂದು ಅವಳು ಹಲ್ಲು ಕಚ್ಚಿದಳು. ಹನ್ನೊಂದಕ್ಕೆ ದನಿಯೇ ಇರಲಿಲ್ಲ, ತುಟಿ ಮಾತ್ರ ಆಡಿತು: ಸ್ಮಶಾನದ ಗೇಟು.

"ಅಲ್ಲಿ ಮಾತ್ರ ಇಳೀಬೇಡಿ," ಎಂದಳು ಬ್ಲಾಜೆಂಕಾ.

ಅವರು ನಕ್ಕರು. ನಕ್ಕದ್ದೇ ಪಕ್ಕಕ್ಕೆ ವಾಲಿದರು. ನಾಲ್ಕು ಕೈ ಹಿಡಿದು ಮಲಗಿಸಿದವು.

"ಹನ್ನೊಂದು," ಎಂದರು ಡಾಕ್ಟರ್. ಫೈಲು ಮುಚ್ಚಿ ಸ್ವಲ್ಪ ಹೊತ್ತು ಶೂಗಳನ್ನೇ ನೋಡಿದರು. "ಸೋಮವಾರ ಬೆಳಗ್ಗೆ ಹತ್ತಕ್ಕೆ ಮತ್ತೆ ಬರ್ತೀನಿ. ಅಲ್ಲಿವರೆಗೆ ಹಾಸಿಗೆ ಹಿಡಿದಿಡ್ತೀನಿ. ಹದಿನೈದು ಅಂದ್ರೆ ಹದಿನೈದೇ. ಹದಿನಾಲ್ಕಕ್ಕೆ ನನ್ನ ಕೈಲಿ ಏನೂ ಆಗಲ್ಲ."

ಅವರು ಹೋದ ಮೇಲೆ ಫ್ರಾವ್ ಹಾಸ್ಲಿಂಗರ್ ಕಾರಿಡಾರಿನಲ್ಲಿ ರಿಕೆಗೆ ಎದುರಾದರು. "ಬರೆದೇಬಿಟ್ಟಿದ್ರು, ಸಿಸ್ಟರ್," ಎಂದರು. "ಪೆನ್ನು ಕಾಗದದ ಮೇಲಿತ್ತು." ಬಸ್ಸಿಗೆ ಹೋದರು.

ರಿಕೆಗೆ ಒಂದು ಸಮಾಧಾನವಿತ್ತು. ಇನ್ನೂ ಮೂರು ದಿನ ಇದೆ, ಶುಕ್ರವಾರಕ್ಕಾದರೂ ಯಂತ್ರ ಇದೆ. ಶುಕ್ರವಾರ ಒಂದೂವರೆಗೆ ಬಂದಾಗ ಅದೂ ಹೋಯಿತು. ರೋಬೋಟಿನ ಎರಡೂ ಕೈಗೆ ಕೆಂಪು ಪಟ್ಟಿ ಸುತ್ತಿತ್ತು. ಮೇಲೊಂದು ಹಾಳೆ: ದಾಖಲೆಯಲ್ಲಿ ಲೋಪ ಕಂಡುಬಂದ ಕಾರಣ ತನಿಖೆ ಮುಗಿಯುವವರೆಗೆ ಬಳಸುವಂತಿಲ್ಲ.

"ಲೋಪ ಯಂತ್ರದ್ದಲ್ಲ, ನಿಮ್ಮದು," ಎಂದಳು ಟ್ರೋಗರ್‌ಗೆ.

"ಅದನ್ನೇ ತನಿಖೆ ಹೇಳಬೇಕು," ಎಂದರು ಅವರು. "ನಿಯಮ ಅಂದ್ರೆ ನಿಯಮ, ಫ್ರಾವ್ ಸ್ಟಾಡ್ಲರ್. ತಪ್ಪು ಎತ್ತಿ ತೋರ್ಸಿದ್ದು ನೀವೇ ತಾನೆ?"

ರಿಕೆ ವಾಪಸ್ ಬಂದು ಕೆಂಪು ಪಟ್ಟಿಯನ್ನು ನೋಡುತ್ತ ನಿಂತಳು. ಬ್ಲಾಜೆಂಕಾ ಪಕ್ಕ ಬಂದು ನಿಂತಳು. ಕೈಯಲ್ಲಿ ಜಾರುಹಾಸು, ರೋಗಿಯನ್ನು ಎಳೆಯಲು ಕೆಳಗೆ ಹಾಕುವ ಆ ನೀಲಿ ಬಟ್ಟೆ.

"ಬಾರೆ," ಎಂದಳು. "ನಂಗೆ ಪಟ್ಟಿ ಕಟ್ಟಿಲ್ಲ ಇನ್ನೂ."

"ನಿನ್ನ ರೋಗಿಗಳು?"

"ಮಾತ್ರೆ ಕೊಟ್ಟಾಯ್ತು. ಇಪ್ಪತ್ತು ನಿಮಿಷ ನಂಗಿದೆ. ಇದಕ್ಕೂ ನಿನ್ನ ಪುಸ್ತಕದಲ್ಲಿ ನನ್ನ ಸಹಿ ಬೇಕಾ?"

ಶುಕ್ರವಾರ ಕೊರ್ಬಿನಿಯಾನ್ ಇದ್ದ. ಕರೆಯುವ ಮೊದಲೇ ಬಂದು ಕಾಲು ಹಿಡಿದ, ಮೂರೂವರೆ ದಾಟಿದರೂ ನಿಂತು ಐದಕ್ಕೆ ಹೋದ. ಎರಡು ಸಲ ಕೂರಿಸಿದರು, ಎರಡನೆಯ ಸಲ ಹನ್ನೆರಡು ಸ್ಟಾಪು. ಶನಿವಾರ ಫಿಸಿಯೋದವರು ಯಾರೂ ಇರುವುದಿಲ್ಲ. ಇಬ್ಬರು ಹೆಂಗಸರು, ನೂರಾ ಒಂಬತ್ತು ಕಿಲೊ. ಹದಿಮೂರು. ಭಾನುವಾರ ಫ್ರಾವ್ ಹಾಸ್ಲಿಂಗರ್ ತಾವೇ ಕೋಟು ಬಿಚ್ಚಿ ಗಂಡನ ಕಾಲು ಹಿಡಿದರು. ರಿಕೆಯ ಹತ್ತಿರ ಮಾತಾಡಲಿಲ್ಲ, ಆದರೆ ಅವಳು ಹೇಳಿದ ಕಡೆಯೇ ಹಿಡಿದರು. ಹದಿನಾಲ್ಕು. ಅವರನ್ನು ವಾಪಸ್ ಮಲಗಿಸಿ ಬಗ್ಗಿ ಶೂ ಬಿಚ್ಚುವಾಗ ರಿಕೆಯ ಸೊಂಟದಲ್ಲಿ ಏನೋ ಚಳಕ್ ಎಂದಿತು. ಬಗ್ಗಿದವಳು ಏಳಲಾಗಲಿಲ್ಲ. ಎಡಗಾಲಿನವರೆಗೆ ಬೆಂಕಿ ಇಳಿದ ಹಾಗಾಯಿತು.

"ನೋಡಿದ್ಯಾ," ಎಂದಳು ಬ್ಲಾಜೆಂಕಾ, ಅವಳನ್ನು ಕಂಕುಳಿಗೆ ಕೈಕೊಟ್ಟು ಕುರ್ಚಿಗೆ ಸಾಗಿಸುತ್ತ. "ಇದಕ್ಕೇ ಅಲ್ವಾ ನೀನು ಆರು ಪುಟ ಬರೆದಿದ್ದು."

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ರಿಕೆ ತನ್ನ ಮನೆಯ ನೆಲದ ಮೇಲೆ ಅಂಗಾತ ಮಲಗಿದ್ದಳು. ಮೀನಖಂಡ ಎರಡೂ ಊಟದ ಕುರ್ಚಿಯ ಮೇಲೆ. ಡಾಕ್ಟರು ಮೂರು ವಾರದ ರಜೆ ಬರೆದುಕೊಟ್ಟಿದ್ದರು. ಎದೆಯ ಮೇಲೆ ಫೋನು. ಬ್ಲಾಜೆಂಕಾ ತನ್ನ ರಜೆಯ ಬೆಳಗನ್ನು ಬಿಟ್ಟು ವಾರ್ಡಿಗೆ ಹೋಗಿ ಫೋನನ್ನು ಜೇಬಿನಲ್ಲಿ ಆನ್ ಮಾಡಿ ಇಟ್ಟುಕೊಂಡಿದ್ದಳು. ಬಟ್ಟೆಯ ಸರಬರ, ಡಾಕ್ಟರ ದನಿ, ಮಾನಿಟರಿನ ಟಿಕ್ ಟಿಕ್. ಆಮೇಲೆ ಆ ಒಡಕು ದನಿ, ದೂರದಿಂದ.

ಎಂಟು. ಒಂಬತ್ತು, ಆಸ್ಪತ್ರೆ. ಹನ್ನೊಂದು. ಹನ್ನೊಂದರ ಮೇಲೆ ದನಿ ಕೇಳಿಸಲಿಲ್ಲ. ರಿಕೆ ಛಾವಣಿ ನೋಡುತ್ತ ತಾನೇ ಹೇಳಿಕೊಂಡಳು. ಹೂವಿನ ತೋಟ. ಮರದ ಅಡ್ಡೆ. ಹದಿನಾಲ್ಕು, ಫುಟ್‌ಬಾಲ್ ಮೈದಾನ. ಮುಂದಿನದನ್ನು ತಾನಾಗಿ ಹೇಳಲು ಧೈರ್ಯ ಬರಲಿಲ್ಲ. ಬಟ್ಟೆಯ ಸದ್ದು. ಯಾರೋ ಕೆಮ್ಮಿದರು. ಅವಳು ಉಸಿರು ಬಿಗಿಹಿಡಿದಿದ್ದಳು, ಹಿಡಿದದ್ದಕ್ಕೆ ಸೊಂಟ ಇನ್ನಷ್ಟು ನೋಯುತ್ತಿತ್ತು.

"ಈಜುಕೊಳ," ಎಂದಿತು ಹೆಂಗಸಿನ ದನಿ. ಫ್ರಾವ್ ಹಾಸ್ಲಿಂಗರ್. "ಇಳೀರಿ ಓಟ್ಮಾರ್, ಕಡೇ ಸ್ಟಾಪು."

ಬ್ಲಾಜೆಂಕಾ ಫೋನ್ ಎತ್ತಿಕೊಂಡಳು. "ಕೇಳ್ತಾ? ಹದಿನೈದು ನಿಮಿಷ ಹತ್ತು ಸೆಕೆಂಡು. ಸಹಿ ಹಾಕಿದ್ರು. ಬುಧವಾರ ಕರ್ಕೊಂಡು ಹೋಗ್ತಾರೆ. ನೀನು ಹೆಂಗಿದೀಯ?"

"ಮಲಗಿದೀನಿ. ಏಳಕ್ಕಾಗ್ತಿಲ್ಲ."

"ನಿನ್ನನ್ನ ಆ ಯಂತ್ರಕ್ಕೆ ಹಾಕಿ ಎತ್ತೋಣ್ವಾ?"

"ಸಹಿ ಹಾಕಿದೋರು ಇಬ್ರು ಬೇಕು," ಎಂದಳು ರಿಕೆ. "ಒಬ್ಬಳು ಇಲ್ಲಿ ನೆಲದ ಮೇಲಿದಾಳೆ."

ನಕ್ಕರೆ ನೋವು, ಅಳುವುದಕ್ಕೆ ಹೋದರೂ ನೋವು. ಫೋನ್ ಇಟ್ಟ ಮೇಲೆ ಒಂದು ಸಂದೇಶ ಬಂದಿತ್ತು, ಟ್ರೋಗರ್ ಅವರಿಂದ. ರೋಬೋಟಿನ ಬಳಕೆ ನಿರೀಕ್ಷೆಗಿಂತ ಕಡಿಮೆ ಇರುವುದರಿಂದ ಸಿಬ್ಬಂದಿ ಈ ನಮೂನೆ ತುಂಬಿ ಕಳಿಸಬೇಕು. ಕಾರಣಕ್ಕೆ ಮೂರು ಚೌಕ: ಸಿಬ್ಬಂದಿಗೆ ಆಸಕ್ತಿ ಇಲ್ಲ, ತಕ್ಕ ರೋಗಿಗಳಿಲ್ಲ, ಇತರೆ. ಇತರೆಯ ಮುಂದೆ ಅರ್ಧ ಸಾಲಿನಷ್ಟು ಜಾಗ.

ರಿಕೆ ಫೋನನ್ನು ಮುಖದ ಮೇಲೆ ಎತ್ತಿಹಿಡಿದು ಇತರೆಗೆ ಗುರುತು ಹಾಕಿದಳು. ಏನೇನೋ ಬರೆದು ಅಳಿಸಿದಳು. ಜಾಗ ಸಾಲಲಿಲ್ಲ. ಕೊನೆಗೆ ಹಿಡಿಸಿದ್ದು ಇಷ್ಟು: ಬುಧವಾರ ಎರಡರಿಂದ ಮೂರೂ ಇಪ್ಪತ್ತು. ಆ ಹೊತ್ತು ವಾಪಸ್ ಕೊಡಿ.

ಕಳಿಸುವ ಗುಂಡಿ ಒತ್ತಿದಳು. ನಮೂನೆ ಹೋಗಲಿಲ್ಲ. ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು: ಎರಡನೆಯ ಸಹಿ ಬಾಕಿಯಿದೆ.